ನಮ್ಮ ಮಣ್ಣಿನ ಸೀಸಿಯಂ ಲೆಕ್ಕ ಯಾರ ಹತ್ತಿರ ಇದೆ?

ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ತಲಾ 700 ಮೆಗಾವ್ಯಾಟ್‌ನ ಐದು ಮತ್ತು ಆರನೇ ಘಟಕಗಳು ಬೇಕೋ ಬೇಡವೋ ಎಂಬ ಜಗಳ, 2018ರ ಡಿಸೆಂಬರ್ 15ರಂದು ಮಲ್ಲಾಪುರದಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಯಿಂದ ಈಚೆಗೆ ಒಂದೇ ಜಾಡಿನಲ್ಲಿ ಸಾಗಿದೆ. ವಿರೋಧಿಸುವವರು ಕ್ಯಾನ್ಸರ್ ಎನ್ನುತ್ತಾರೆ, ಸ್ಥಾವರ ನಡೆಸುವವರು ಎಲ್ಲವೂ ಮಿತಿಯೊಳಗಿದೆ ಎನ್ನುತ್ತಾರೆ. ಕೈಗಾದಿಂದ ಈಶಾನ್ಯಕ್ಕೆ ಸುಮಾರು 150 ಕಿಲೋಮೀಟರ್ ದೂರ ಇರುವ ನಮ್ಮ ಕಟಕೋಳದಂಥ ಊರು ಇಬ್ಬರ ನಕ್ಷೆಯಲ್ಲೂ ಇಲ್ಲ. ಮುಂಗಾರಿನಲ್ಲಿ ನಮ್ಮತ್ತ ಗಾಳಿ ಬೀಸುವುದು ಮಾತ್ರ ಆ ದಿಕ್ಕಿನಿಂದಲೇ. ರಾಮದುರ್ಗ, ಸವದತ್ತಿ ಸೀಮೆಯ ಎರಿ ಮಣ್ಣಿನಲ್ಲಿ, ಮಲಪ್ರಭೆಯ ನೀರಿನಲ್ಲಿ ಇವತ್ತು ವಿಕಿರಣಶೀಲ ವಸ್ತು ಎಷ್ಟಿದೆ ಎಂದು ಅಳೆದು ನಮ್ಮ ಪಂಚಾಯಿತಿಗಳ ಮುಂದೆ ಇಡುವ ಏರ್ಪಾಡು ಇಲ್ಲ. ನನ್ನ ತಕರಾರು ಇದು.

ನಮ್ಮ ಮಣ್ಣಿನಲ್ಲಿ ವಿಕಿರಣಶೀಲ ವಸ್ತು ಇದೆಯೋ ಇಲ್ಲವೋ ಎಂಬ ಸಂಶಯ ಬೇಡ. ಇದೆ. ಅದನ್ನು ತಂದವರು ಕೈಗಾದವರಲ್ಲ. 1950–60ರ ದಶಕಗಳಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಬಯಲಿನಲ್ಲಿ ಸಿಡಿಸಿದ ಬಾಂಬುಗಳು. ಮೆಗಾಟನ್ ಬಾಂಬಿನ ಮೋಡ ಮಳೆಮೋಡಗಳನ್ನು ದಾಟಿ ಸ್ತರಗೋಳಕ್ಕೇ ಏರುತ್ತಿತ್ತು. ನಮ್ಮ ನೆತ್ತಿಯ ಮೇಲೆ ಆ ಪದರ ಶುರುವಾಗುವುದು 16–17 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಧೂಳನ್ನು ತೊಳೆಯಲು ಮಳೆ ಇಲ್ಲ. ಅದು ತಿಂಗಳು, ವರ್ಷಗಟ್ಟಲೆ ಭೂಮಿಯನ್ನು ಸುತ್ತಿ, ಮೆಲ್ಲಗೆ ಇಳಿದು, ಬಾಂಬಿನ ಹೆಸರೇ ಕೇಳದ ಊರುಗಳ ಮಳೆಯೊಂದಿಗೆ ಮಣ್ಣು ಸೇರಿತು. ಆ ಧೂಳಿನಲ್ಲಿದ್ದ ವಿಕಿರಣಶೀಲ ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 30 ವರ್ಷ. 1963ರಲ್ಲಿ ಬಿದ್ದದ್ದರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಇನ್ನೂ ಉಳಿದಿದೆ.

ರಿಯಾಕ್ಟರ್ ಅಪಘಾತದ ಧೂಳು ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ಮಳೆಮೋಡಗಳ ಪದರದಲ್ಲೇ ಗಾಳಿಯ ಜೊತೆ ಹೊರಟು, ದಿನಗಳಲ್ಲಿ, ವಾರಗಳಲ್ಲಿ, ಎಲ್ಲಿ ಮಳೆಯಾಯಿತೋ ಅಲ್ಲಿ ಹೆಚ್ಚಾಗಿ ಇಳಿಯುತ್ತದೆ. ಚೆರ್ನೋಬಿಲ್ ದುರಂತವಾದದ್ದು 1986ರ ಏಪ್ರಿಲ್ 26ಕ್ಕೆ. ಎರಡು ಸಾವಿರ ಕಿಲೋಮೀಟರ್‌ಗೂ ಆಚೆ, ಬ್ರಿಟನ್ನಿನ ವೇಲ್ಸ್ ಗುಡ್ಡಗಳಲ್ಲಿ ಆ ವಾರ ಮಳೆ ಸುರಿಯಿತು. ಅಲ್ಲಿನ ಕುರಿ ಸಾಕುವವರ ಮೇಲಿದ್ದ ಮಾರಾಟದ ನಿರ್ಬಂಧ ಪೂರ್ತಿ ತೆರವಾದದ್ದು 2012ರಲ್ಲಿ. ನಮ್ಮಲ್ಲಿ ಸ್ಥಾವರದ ಸುತ್ತ ತುರ್ತು ಯೋಜನೆಗೆ ಎಳೆದಿರುವ ಗೆರೆ 16 ಕಿಲೋಮೀಟರ್. ಜನರನ್ನು ತಕ್ಷಣ ಸ್ಥಳಾಂತರಿಸಲು ಆ ಗೆರೆ ಸಾಕೇನೋ. ಹೊಲ, ಹೈನು, ಕುರಿ ನಂಬಿ ಬದುಕುವ ಸೀಮೆಗೆ ಸಾಲದು.

ಹಳೆಯ ಬಾಂಬಿನ ಸೀಸಿಯಂ ಎಷ್ಟೆಂದು ಇವತ್ತೇ ಅಳೆದಿಡದಿದ್ದರೆ, ನಾಳೆ ಏನಾದರೂ ಆದಾಗ ಹೊಸದು ಎಷ್ಟು ಎಂದು ಹೇಳುವುದು ಹೇಗೆ? ಆಗ ಅಧಿಕಾರಿಗಳು 'ಇದೆಲ್ಲ ಮೊದಲೇ ಇತ್ತು' ಎಂದು ಕೈತೊಳೆದುಕೊಳ್ಳಬಹುದು. ಹೆದರಿಸುವವರು ಇದ್ದದ್ದನ್ನೆಲ್ಲ ಕೈಗಾದ ಲೆಕ್ಕಕ್ಕೆ ಬರೆಯಬಹುದು. ನಡುವೆ ಸಿಕ್ಕಿಬೀಳುವವನು ರೈತ.

ಈ ಅಳತೆ ಗುಟ್ಟಿನ ವಿದ್ಯೆಯೂ ಅಲ್ಲ. ಉತ್ತ ಹೊಲದಲ್ಲಿ ಮಣ್ಣು ಮೇಲೆಕೆಳಗೆ ಆಗಿರುತ್ತದೆ. ಹಾಗಾಗಿ ನೇಗಿಲು ತಾಗದ ಗೋಮಾಳ ಹುಡುಕಬೇಕು. ಅಲ್ಲಿ ಕೊಳವೆ ಹೊಡೆದು ಪದರ ಪದರವಾಗಿ ಮಣ್ಣು ತೆಗೆದು, ಒಣಗಿಸಿ, ಜರಡಿ ಹಿಡಿದು, ಡಬ್ಬಿಯಲ್ಲಿ ಮುಚ್ಚಿ, ಸೀಸದ ಗೋಡೆಯೊಳಗಿನ ಜರ್ಮೇನಿಯಂ ಶೋಧಕದ ಮೇಲೆ ಒಂದು ದಿನ ಇಟ್ಟರೆ, 662 ಕೆಇವಿ ಶಕ್ತಿಯ ಜಾಗದಲ್ಲಿ ಸೀಸಿಯಂ ತನ್ನ ಗೆರೆ ತೋರಿಸುತ್ತದೆ. ಕೈಗಾದ ಸುತ್ತ ಇಂಥ ಅಧ್ಯಯನ ಮಾಡಿದ ಅನುಭವ ಮಂಗಳೂರು ವಿಶ್ವವಿದ್ಯಾಲಯಕ್ಕೆ ಇದೆ.

'ನಾವು ಅಳೆಯುತ್ತಿದ್ದೇವಲ್ಲ' ಎಂದು ಅಣುಶಕ್ತಿ ಇಲಾಖೆ ಹೇಳುತ್ತದೆ. ನಿಜ, ಅದೇ ಇಲಾಖೆಯ ಸಂಶೋಧನಾ ಕೇಂದ್ರವಾದ ಬಾರ್ಕ್‌ನ ಪರಿಸರ ಪ್ರಯೋಗಾಲಯ ಕೈಗಾದಲ್ಲೇ ಇದೆ. ಆದರೆ ಸ್ಥಾವರ ಕಟ್ಟುವ ಇಲಾಖೆಯೇ ಅದರ ಸುತ್ತಲಿನ ವಿಕಿರಣವನ್ನೂ ಅಳೆದು 'ಚಿಂತೆ ಬೇಡ' ಎಂದರೆ ನಂಬಿಕೆ ಹುಟ್ಟುವುದಿಲ್ಲ. 1994ರ ಮೇ 13ರಂದು ಕೈಗಾದ ಒಂದನೇ ಘಟಕದ ಗುಮ್ಮಟದ ಒಳಭಾಗ ಕುಸಿಯಿತು; ಇಂಧನ ತುಂಬಿರದಿದ್ದದ್ದು ನಮ್ಮ ಪುಣ್ಯ. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ವಿಕಿರಣಶೀಲ ಟ್ರಿಟಿಯಂ ಸೇರಿ, 50ಕ್ಕೂ ಹೆಚ್ಚು ಸಿಬ್ಬಂದಿಯ ದೇಹದೊಳಕ್ಕೆ ಹೋಯಿತು. ಅದು ಪತ್ತೆಯಾದದ್ದು ಅವರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುತ್ತಿದ್ದ ಕಾರಣಕ್ಕೆ. ಅಳೆದದ್ದರಿಂದ ತಿಳಿಯಿತು. ಒಳಗಿನವರಿಗೆ ಇರುವ ಆ ರಕ್ಷಣೆಯನ್ನೇ ಹೊರಗಿನವರೂ ಕೇಳುತ್ತಿದ್ದೇವೆ.

ಈ ದೇಶ ಮೊದಲಿನಿಂದಲೂ ಬಾಯಿ ಮುಚ್ಚಿಕೊಂಡಿರಲಿಲ್ಲ. 1954ರ ಏಪ್ರಿಲ್‌ನಲ್ಲಿ ಬಾಂಬು ಪರೀಕ್ಷೆ ನಿಲ್ಲಿಸಿ ಎಂದು ನೆಹರೂ ಲೋಕಸಭೆಯಲ್ಲಿ ಕೇಳಿದರು. 1956ರಲ್ಲಿ ಭೌತವಿಜ್ಞಾನಿ ಡಿ.ಎಸ್. ಕೊಠಾರಿಯವರ ನೇತೃತ್ವದಲ್ಲಿ ಅಣುಸ್ಫೋಟದ ಪರಿಣಾಮಗಳ ಕುರಿತ ಪುಸ್ತಕವನ್ನು ಸರ್ಕಾರವೇ ಅಚ್ಚು ಹಾಕಿಸಿತು. ಆಮೇಲೆ 1962ರ ಅಣುಶಕ್ತಿ ಕಾಯ್ದೆ ಬಂತು, ಗುಟ್ಟಿನ ರೂಢಿ ಗಟ್ಟಿಯಾಯಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಅದೇ ಕಾಲಕ್ಕೆ ತಾಯಂದಿರು ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಹಲ್ಲು ಕೊಟ್ಟ ಮಗುವಿಗೆ ಅಂಗಿಗೆ ಸಿಕ್ಕಿಸಿಕೊಳ್ಳುವ ಒಂದು ಬಿಲ್ಲೆ ಸಿಗುತ್ತಿತ್ತು. ಆ ಹಲ್ಲುಗಳಲ್ಲಿ ಬಾಂಬಿನ ಧೂಳಿನ ವಿಕಿರಣಶೀಲ ಸ್ಟ್ರಾನ್ಷಿಯಂ-90 ಏರುತ್ತಿದೆ ಎಂದು 1961ರಲ್ಲಿ ಪ್ರಕಟವಾಯಿತು. ಬಯಲು ಪರೀಕ್ಷೆಗಳನ್ನು ನಿಷೇಧಿಸುವ 1963ರ ಒಪ್ಪಂದಕ್ಕೆ ಬಲ ಕೊಟ್ಟವುಗಳಲ್ಲಿ ಅದೂ ಒಂದು.

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇದೆ, ಪಕ್ಕದ ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಐದು, ಆರನೇ ಘಟಕಗಳಿಗೆ ಇಂಧನ ತುಂಬುವ ಮೊದಲೇ ಖಾನಾಪುರದ ಕಣಕುಂಬಿಯಿಂದ ನವಿಲುತೀರ್ಥದವರೆಗೆ ಮಲಪ್ರಭೆಯ ನೀರನ್ನು, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಮಣ್ಣು ಮತ್ತು ಹಾಲನ್ನು ಇವರು ಅಳೆಯಲಿ. ಅದರ ಖರ್ಚನ್ನು ಯೋಜನೆಯ ಹಣದಿಂದ ಕೊಡಲಿ, ಹಣ ಕೊಟ್ಟವರು ವರದಿ ತಿದ್ದದಿರಲಿ. ಅಂಕಿ ಎಷ್ಟೇ ಇರಲಿ, ಅದು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಲಿ. ಅಲ್ಲಿಯವರೆಗೆ ಇಂಧನ ತುಂಬಲು ಒಪ್ಪಿಗೆ ಕೊಡಬಾರದು.