ಹಾಡುವ ನಟರಿಗೆ ಒಂದೇ ಲೆಕ್ಕ

ಬಾಗಳಿ, ಹರಪನಹಳ್ಳಿ, ಹಡಗಲಿ, ಕೊಟ್ಟೂರು, ಕೂಡ್ಲಿಗಿ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಗೋ ಉಗಾದಿಗೋ ನಾಟಕ ಆಡಬೇಕೆಂದು ತೀರ್ಮಾನವಾದರೆ, ಪಾತ್ರ ಹಂಚುವ ಮಾಸ್ತರು ಹುಡುಗರಿಗೆ ಹಾಕುವ ಮೊದಲ ಪ್ರಶ್ನೆ “ಹಾಡಾಕ ಬರ್ತೈತೇನು?” ಎಂಬುದು. ಮೈಕಟ್ಟು, ನಿಲುವು, ಮಾತಿನ ಗತ್ತು ಎಲ್ಲ ಆಮೇಲಿನ ಮಾತು. ಕಂಠ ಇಲ್ಲದವನಿಗೆ ದೊಡ್ಡ ಪಾತ್ರ ಸಿಗುವುದು ಕಷ್ಟ. ಹಾಡು ನಟನೆಗೆ ಅಂಟಿಸಿದ ಅಲಂಕಾರವಲ್ಲ, ನಟನೆಯ ಒಂದು ಅಂಗ ಎಂಬ ತಿಳಿವಳಿಕೆ ಈ ಪ್ರಶ್ನೆಯ ಹಿಂದೆ ಇದೆ. ಯಾವ ಪುಸ್ತಕವನ್ನೂ ಓದದೆ, ನಾಲ್ಕಾರು ತಲೆಮಾರು ಆಡಿ ನೋಡಿ ಜನ ಕಂಡುಕೊಂಡ ಸತ್ಯ ಅದು.

ಹೊರಗಿನ ಜಗತ್ತು ಈ ಸತ್ಯವನ್ನು ಬೇರೆ ರೀತಿ ನೋಡುತ್ತದೆ. ಇಂಗ್ಲೆಂಡಿನ ನಟ ಹ್ಯೂ ಲಾರಿ 2004ರಿಂದ 2012ರವರೆಗೆ ‘ಹೌಸ್’ ಎಂಬ ಅಮೆರಿಕನ್ ಧಾರಾವಾಹಿಯಲ್ಲಿ ವೈದ್ಯನ ಪಾತ್ರ ಮಾಡಿ ಮನೆಮಾತಾದವರು. ಪಿಯಾನೋ, ಗಿಟಾರು ಬಲ್ಲ ಅವರು 2011ರಲ್ಲಿ ‘ಲೆಟ್ ದೆಮ್ ಟಾಕ್’ ಎಂಬ ಬ್ಲೂಸ್ ಹಾಡುಗಳ ಆಲ್ಬಂ ಹೊರತಂದಾಗ, ನಟನಿಗೇಕೆ ಈ ಹಾಡಿನ ಉಸಾಬರಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂತು. ನಮ್ಮ ಪತ್ರಿಕೆಗಳೂ ಅಷ್ಟೆ. ಹಾಡುವ ನಟ ಕಂಡರೆ ‘ಬಹುಮುಖ ಪ್ರತಿಭೆ’ ಎಂದು ಬರೆಯುತ್ತವೆ. ಹೊಗಳಿಕೆಯಂತೆ ಕಾಣುವ ಈ ಮಾತು ಒಬ್ಬ ಕಲಾವಿದನನ್ನು ಎರಡಾಗಿ ಸೀಳುತ್ತದೆ. ಹಾಡು ಮತ್ತು ಅಭಿನಯ ನಿಜವಾಗಿಯೂ ಎರಡು ಕಸುಬುಗಳೇ? ಅಲ್ಲ ಎಂಬುದು ನನ್ನ ನಂಬಿಕೆ. ಅವನ್ನು ಎರಡೆಂದು ಎಣಿಸಿದ್ದರಿಂದ ನಮ್ಮ ಸೀಮೆಯ ಎಷ್ಟೋ ಕಲಾವಿದರಿಗೆ, ಅದರಲ್ಲೂ ಕಲಾವಿದೆಯರಿಗೆ, ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಭರತನ ನಾಟ್ಯಶಾಸ್ತ್ರ ನಾಟಕದ ಗ್ರಂಥ. ಆದರೂ ಅದರಲ್ಲಿ ಸ್ವರ, ತಾಳ, ವಾದ್ಯಗಳಿಗೆ ಹಲವು ಅಧ್ಯಾಯಗಳೇ ಮೀಸಲಾಗಿವೆ. ಮಾತು, ಮೈ, ಗಾನ, ವೇಷ ಎಲ್ಲ ಕೂಡಿ ರಸ ಹುಟ್ಟಬೇಕು ಎಂಬುದು ಆ ಶಾಸ್ತ್ರದ ಲೆಕ್ಕ. ಶಾಸ್ತ್ರ ಹೇಳಿತು ಎಂಬ ಕಾರಣಕ್ಕೆ ಒಪ್ಪಬೇಕಿಲ್ಲ. ರಂಗದ ಮೇಲೆ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದರೆ ಸಾಕು.

ನಮ್ಮ ಕಡೆ ಇಂದಿಗೂ ಜನ ಮುಗಿಬಿದ್ದು ನೋಡುವ ನಾಟಕ ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’. ಗಂಡು ಪಾತ್ರಗಳೆಲ್ಲ ಊರಿನ ರೈತರದು, ಅಂಗಡಿಯವರದು. ತಿಂಗಳುಗಟ್ಟಲೆ ರಾತ್ರಿ ಮಾಸ್ತರರ ಮುಂದೆ ಕೂತು ಕಲಿತಿರುತ್ತಾರೆ. ದ್ರೌಪದಿಯ ಪಾತ್ರಕ್ಕೆ ಮಾತ್ರ ಮರಿಯಮ್ಮನಹಳ್ಳಿಯಿಂದಲೋ ಬಳ್ಳಾರಿಯಿಂದಲೋ ಗದಗದಿಂದಲೋ ವೃತ್ತಿ ಕಲಾವಿದೆಯನ್ನು ಗೊತ್ತು ಮಾಡುತ್ತಾರೆ. ಆಕೆ ಬರುವುದು ನಾಟಕದ ದಿನ, ಬಹಳವೆಂದರೆ ಹಿಂದಿನ ದಿನ. ಬಂದವಳೇ ಹಾರ್ಮೋನಿಯಂ ಮಾಸ್ತರರ ಪಕ್ಕ ಕೂತು ಶ್ರುತಿ ಹೊಂದಿಸಿಕೊಳ್ಳುತ್ತಾಳೆ, ಯಾವ ಹಾಡು ಯಾವ ಮಟ್ಟಿನಲ್ಲಿ ಎಂದು ಗೊತ್ತು ಮಾಡಿಕೊಳ್ಳುತ್ತಾಳೆ. ಅಷ್ಟೇ ತಾಲೀಮು.

ರಾತ್ರಿ ರಂಗಕ್ಕೆ ಬಂದಾಗ ಆಕೆ ಮಾಡುವ ಕೆಲಸ ಗಮನಿಸಬೇಕು. ಹಾಡು ಬರುವುದಕ್ಕೆ ಮೊದಲಿನ ಮಾತುಗಳನ್ನೇ ಆಕೆ ಶ್ರುತಿಯ ಕಡೆಗೆ ಏರಿಸುತ್ತಾ ಹೋಗುತ್ತಾಳೆ. ಮಾತಿನ ಕೊನೆಯ ಅಕ್ಷರ ನಿಂತ ಸ್ವರದಲ್ಲೇ ಹಾರ್ಮೋನಿಯಂ ಹಿಡಿದುಕೊಳ್ಳುತ್ತದೆ, ತಬಲಾ ಸೇರುತ್ತದೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಸುರುವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಎದುರಿಗೆ ನಿಂತ ಭೀಮ ತಾಳ ತಪ್ಪಿದರೆ ಒಂದು ಆಲಾಪ ಎಳೆದು ಅವನಿಗೆ ಸಮ ಹಿಡಿಸುತ್ತಾಳೆ. ಅವನು ಮಾತು ಮರೆತರೆ ತನ್ನ ಹಾಡಿನ ಸೊಲ್ಲನ್ನು ತಿರುಗಿ ಹಾಡಿ ನೆನಪಿಗೆ ಹೊತ್ತು ಕೊಡುತ್ತಾಳೆ. ಅಷ್ಟೆಲ್ಲದರ ನಡುವೆಯೂ ಕಣ್ಣಿನಲ್ಲಿ ದ್ರೌಪದಿಯ ಸಂಕಟ ಕದಲುವುದಿಲ್ಲ. ಇದನ್ನು ಸಂಗೀತ ಎನ್ನೋಣವೇ, ಅಭಿನಯ ಎನ್ನೋಣವೇ? ಎರಡನ್ನೂ ಬಿಡಿಸಿದರೆ ಆಕೆ ಮಾಡಿದ ಕೆಲಸವೇ ಕಾಣದಂತಾಗುತ್ತದೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ದ್ರೌಪದಿಯಾಗಿ ದಶಕಗಳ ಕಾಲ ಜನರ ಮನಸ್ಸಿನಲ್ಲಿ ನಿಂತದ್ದು ಈ ಒಟ್ಟು ವಿದ್ಯೆಯಿಂದ. 2020ರಲ್ಲಿ ಅವರು ತೀರಿಕೊಂಡಾಗ ನಾವು ಕಳೆದುಕೊಂಡದ್ದು ಒಬ್ಬ ನಟಿ ಮತ್ತು ಒಬ್ಬ ಗಾಯಕಿಯನ್ನಲ್ಲ. ಮಾತನ್ನು ಹಾಡಾಗಿಸಬಲ್ಲ ಒಂದು ಪೂರ್ಣ ಕಲೆಯ ಒಡತಿಯನ್ನು.

ಇದು ಕಂಪನಿ ನಾಟಕಕ್ಕಷ್ಟೇ ಸೀಮಿತವಲ್ಲ. ಬೆಳಗಾವಿ, ಬಾಗಲಕೋಟೆ ಸೀಮೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮ ಹೆಸರಾದದ್ದು ಹಾಡಿನಿಂದಲೂ ಹೌದು, ಪಾತ್ರದಿಂದಲೂ ಹೌದು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಯಲ್ಲಮ್ಮನ ಕಥೆಯನ್ನು ಹಾಡುತ್ತಾ, ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಾ, ಅಭಿನಯಿಸುತ್ತಾ ಬಂದವರು. 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದವರು. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಬುರ್ರಕಥೆ ಹೇಳುತ್ತಿದ್ದಾಗ ರಾಜನೂ ಅವರೇ, ರಾಣಿಯೂ ಅವರೇ, ಹಾಡುಗಾರ್ತಿಯೂ ಅವರೇ. ಇವರಲ್ಲಿ ಯಾರೂ ಎರಡು ವಿದ್ಯೆ ಕಲಿತು ಕೂಡಿಸಿದವರಲ್ಲ. ಕಲಿತದ್ದೇ ಒಂದಾಗಿ.

ಹಾಗಿದ್ದರೆ ಹಾಡು, ಅಭಿನಯ ಬೇರೆಯಾದದ್ದು ಹೇಗೆ? ಮುಖ್ಯವಾಗಿ ಸಿನಿಮಾದಿಂದ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಅದರಲ್ಲಿ ರಾವಣನಾಗಿ ನಟಿಸಿದ ಆರ್. ನಾಗೇಂದ್ರರಾಯರೇ ಸಂಗೀತವನ್ನೂ ಹೊಂದಿಸಿದರು. ನಾಟಕ ಕಂಪನಿಯಿಂದ ಬಂದವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮರುವರ್ಷವೇ ಕಲ್ಕತ್ತೆಯಲ್ಲಿ ರಾಯ್‌ಚಂದ್ ಬೋರಾಲ್ ‘ಧೂಪ್ ಛಾಂವ್’ ಚಿತ್ರದಲ್ಲಿ ಹಿನ್ನೆಲೆ ಗಾಯನ ಬಳಸಿದರು. ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಚಿತ್ರೀಕರಣದಲ್ಲಿ ನಟ ತುಟಿ ಆಡಿಸಿದರೆ ಸಾಕಾಯಿತು. ಕ್ಯಾಮೆರಾ, ಮೈಕುಗಳ ಇಕ್ಕಟ್ಟಿನಿಂದ ಹುಟ್ಟಿದ ಈ ಅನುಕೂಲ ಹತ್ತಿಪ್ಪತ್ತು ವರ್ಷಗಳಲ್ಲಿ ಉದ್ಯಮದ ಕಟ್ಟಳೆಯಾಯಿತು. ಹೊನ್ನಪ್ಪ ಭಾಗವತರಂಥ ಹಾಡುವ ನಾಯಕರ ಕಾಲ ಮುಗಿಯಿತು. ಮುಖ ಒಬ್ಬರದು, ಕಂಠ ಇನ್ನೊಬ್ಬರದು ಎಂಬುದು ಸಹಜವಾಯಿತು.

ಈ ಕಟ್ಟಳೆಯ ಫಲವನ್ನು ಇಂಗ್ಲೆಂಡಿನ ಜೂಲಿ ಆಂಡ್ರೂಸ್ ಅನುಭವಿಸಿದರು. 1956ರಲ್ಲಿ ‘ಮೈ ಫೇರ್ ಲೇಡಿ’ ನಾಟಕದ ಎಲೈಜಾ ಪಾತ್ರವನ್ನು ಹಾಡಿ ಆಡಿ ಗೆದ್ದವರು ಅವರು. 1964ರಲ್ಲಿ ಅದು ಸಿನಿಮಾ ಆದಾಗ ಪಾತ್ರ ಹೆಸರಾಂತ ತಾರೆ ಆಡ್ರೆ ಹೆಪ್‌ಬರ್ನ್ ಪಾಲಾಯಿತು; ಹಾಡುಗಳ ಬಹುಪಾಲನ್ನು ಮಾರ್ನಿ ನಿಕ್ಸನ್ ಎಂಬ ಗಾಯಕಿಯಿಂದ ಹಾಡಿಸಿದರು, ತೆರೆಯ ಮೇಲೆ ಆಕೆಯ ಹೆಸರನ್ನೂ ಹಾಕಲಿಲ್ಲ. ಒಂದು ಪಾತ್ರವನ್ನು ಸೀಳಿದ್ದರಿಂದ ಮೂವರಿಗೂ ನಷ್ಟ: ಹಾಡಿ ಆಡಬಲ್ಲವಳಿಗೆ ಪಾತ್ರ ತಪ್ಪಿತು, ಆಡಿದವಳ ಅಭಿನಯ ಅರೆಯಾಯಿತು, ಹಾಡಿದವಳು ಮರೆಯಲ್ಲಿ ಉಳಿದಳು. ಅದೇ ವರ್ಷದ ‘ಮೇರಿ ಪಾಪಿನ್ಸ್’ ಚಿತ್ರದಲ್ಲಿ ಆಂಡ್ರೂಸ್ ತಾವೇ ಹಾಡಿ ನಟಿಸಿ ಆಸ್ಕರ್ ಪಡೆದರು. ಹೆಪ್‌ಬರ್ನ್ ಅವರಿಗೆ ನಾಮನಿರ್ದೇಶನವೂ ಸಿಗಲಿಲ್ಲ.

ನಮ್ಮಲ್ಲಿ ಇದಕ್ಕೆ ದೊಡ್ಡ ಉದಾಹರಣೆ ರಾಜ್‌ಕುಮಾರ್. ತಂದೆ ಪುಟ್ಟಸ್ವಾಮಯ್ಯನವರೂ ಗುಬ್ಬಿ ಕಂಪನಿಯೂ ತಿದ್ದಿದ ಕಂಠ ಅವರದು. ಆದರೂ 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅವರಿಗೆ ಸಿ.ಎಸ್. ಜಯರಾಮನ್ ಹಾಡಿದರು, ಮುಂದೆ ಬಹುಕಾಲ ಪಿ.ಬಿ. ಶ್ರೀನಿವಾಸ್ ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ ಆದಮೇಲೆ ರಾಜ್ ತಮ್ಮ ಹಾಡನ್ನು ತಾವೇ ಹಾಡತೊಡಗಿದರು. ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆ ಪ್ರಶಸ್ತಿ ಗಾಯಕನಿಗೆ ಸಂದದ್ದು ನಿಜ. ಆದರೆ ಆ ಹಾಡಿಗೆ ಬಲ ಕೊಟ್ಟದ್ದು ಪಾತ್ರವನ್ನು ಒಳಗಿಂದ ಬಲ್ಲ ನಟನ ಉಸಿರು.

ಹಾಡು, ಅಭಿನಯ ಒಂದೇ ಎಂಬ ನನ್ನ ಮಾತಿಗೆ ತೂಕದ ಆಕ್ಷೇಪಗಳಿವೆ. ಒಂದೊಂದಕ್ಕೂ ಒಂದೊಂದು ಜನ್ಮ ಬೇಕಾದ ವಿದ್ಯೆಗಳು ಇವು, ಎರಡರ ಹಿಂದೆ ಹೋದವನು ಎರಡರಲ್ಲೂ ಅರೆಬರೆಯಾಗುತ್ತಾನೆ ಎಂಬುದು ಮೊದಲನೆಯದು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರನ್ನು ನಮಗೆ ಕೊಟ್ಟದ್ದು ಹಿನ್ನೆಲೆ ಗಾಯನವೇ ಎಂಬುದನ್ನು ಒಪ್ಪಲೇಬೇಕು. ಕಛೇರಿಯ ಅಳತೆಗೋಲಿನಿಂದ ನೋಡಿದರೆ ರಂಗದ ದ್ರೌಪದಿ ದೊಡ್ಡ ಗಾಯಕಿ ಅನಿಸದಿರಬಹುದು. ಆದರೆ ಆಕೆ ಕಛೇರಿ ಮಾಡುತ್ತಿಲ್ಲ. ರಾಗದ ವಿಸ್ತಾರ ಅಲ್ಲಿ ಬೇಕಿಲ್ಲ. ಆ ಗಳಿಗೆಯಲ್ಲಿ ಆ ಹೆಣ್ಣಿನ ಎದೆಯಿಂದ ಎಷ್ಟು ಸ್ವರ ಹೊರಡಬೇಕೋ ಅಷ್ಟು ಬೇಕು. ಎಷ್ಟು ಹಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಆ ವಿವೇಕಕ್ಕೂ ಒಂದು ಜನ್ಮ ಬೇಕು.

ಎರಡನೆಯದು ಇತಿಹಾಸದ ಆಕ್ಷೇಪ. ಕರಾವಳಿಯ ಯಕ್ಷಗಾನದಲ್ಲಿ ಹಾಡುವವರು ಭಾಗವತರು, ಕುಣಿಯುವವರು ವೇಷಧಾರಿಗಳು. ತೊಗಲು ಗೊಂಬೆಗೆ ಕಂಠ ಕೊಡುವವರು ಪರದೆಯ ಹಿಂದಿರುತ್ತಾರೆ. ಮುಖ ಒಂದು, ಕಂಠ ಇನ್ನೊಂದು ಎಂಬುದು ಸಿನಿಮಾ ತಂದ ಹೊಸದಲ್ಲವಲ್ಲ? ನಿಜ. ಆದರೆ ಯಕ್ಷಗಾನದಲ್ಲಿ ಭಾಗವತರು ರಂಗದ ಮೇಲೆ ಎಲ್ಲರ ಕಣ್ಣೆದುರು ಕೂತಿರುತ್ತಾರೆ, ಆಟ ನಡೆಸುವವರೇ ಅವರು. ವೇಷಧಾರಿಯ ಹೆಜ್ಜೆ ನೋಡಿ ಅವರು ಎತ್ತುತ್ತಾರೆ, ಅವರ ಪದ ಕೇಳಿ ಅವನು ಅರ್ಥ ಹೇಳುತ್ತಾನೆ. ಇಬ್ಬರೂ ಒಂದೇ ಹೊತ್ತಿನಲ್ಲಿ ಒಂದೇ ಪಾತ್ರ ಕಟ್ಟುತ್ತಾರೆ. ಸ್ಟುಡಿಯೋದಲ್ಲಿ ಹಾಡುವವರಿಗೂ ತಿಂಗಳ ಮೇಲೆ ತುಟಿ ಆಡಿಸುವವರಿಗೂ ಈ ನಂಟು ಇಲ್ಲ.

ಮೂರನೆಯ ಆಕ್ಷೇಪ ಕಂಪನಿ ನಾಟಕದ್ದೇ ದೋಷ. ‘ಒನ್ಸ್ ಮೋರ್’ ಕೂಗಿಗೆ ಮಣಿದು ಸಾವಿನ ದೃಶ್ಯದಲ್ಲೂ ಹಾಡನ್ನು ತಿರುಗಿ ಹಾಡಿದ್ದುಂಟು. ಹಾಡೇ ನಾಟಕವನ್ನು ನುಂಗಿದ್ದುಂಟು. ಇದರಿಂದ ಬೇಸತ್ತ ಹವ್ಯಾಸಿ ರಂಗಭೂಮಿ ಒಂದು ಕಾಲಕ್ಕೆ ಹಾಡನ್ನೇ ದೂರ ಇಟ್ಟಿತು. ಅದನ್ನು ಮರಳಿ ತಂದವರಲ್ಲಿ ಮುಖ್ಯರು ಬಿ.ವಿ. ಕಾರಂತರು. ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿ ಪಳಗಿದ ಅವರು ನಟರೂ ಹೌದು, ನಿರ್ದೇಶಕರೂ ಹೌದು, ‘ಋಷ್ಯಶೃಂಗ’, ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರೂ ಹೌದು. ಹಾಡು ಪಾತ್ರದಿಂದ ಹುಟ್ಟಿದರೆ ನಾಟಕಕ್ಕೆ ಭಾರವಾಗುವುದಿಲ್ಲ ಎಂದು ಅವರು ತೋರಿಸಿಕೊಟ್ಟರು. ನಮ್ಮ ಹೂವಿನ ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ಕಟ್ಟಿದ ರಂಗಭಾರತಿಯಂಥ ಬಳಗಗಳು ಈ ಹೊಸ ಗಾಳಿಯನ್ನು ಹಳ್ಳಿಗಾಡಿಗೂ ತಲುಪಿಸಿದವು.

ಹೀಗಿದ್ದೂ ನಮ್ಮ ವ್ಯವಸ್ಥೆ ಸೀಳಿಯೇ ಎಣಿಸುತ್ತದೆ. ಸಂಗೀತ ನೃತ್ಯಕ್ಕೊಂದು ಅಕಾಡೆಮಿ, ನಾಟಕಕ್ಕೊಂದು, ಜಾನಪದಕ್ಕೊಂದು, ಬಯಲಾಟಕ್ಕೊಂದು. ಆಡಳಿತಕ್ಕೆ ಈ ವಿಂಗಡಣೆ ಬೇಕಾಗಬಹುದು. ಕಲೆಯನ್ನು ಅಳೆಯಲು ಅದು ಸಾಲದು. ಹಳ್ಳಿ ಹಳ್ಳಿ ತಿರುಗಿ ಹಾಡಿ ಆಡಿದವಳನ್ನು ಸಂಗೀತದವರು ನಾಟಕದವಳು ಎನ್ನುತ್ತಾರೆ. ನಾಟಕ ವಿಮರ್ಶಕರು ಆಕೆಯ ಕಂಠವನ್ನು ಒಂದು ಸಾಲಿನಲ್ಲಿ ಹೊಗಳಿ ಮುಂದೆ ಹೋಗುತ್ತಾರೆ. ದಾಖಲಾತಿಯಲ್ಲೂ ಇದೇ ಕತೆ. ರಂಗಗೀತೆಗಳೆಂದು ಹಾಡುಗಳನ್ನಷ್ಟೇ ಧ್ವನಿಮುದ್ರಿಸುತ್ತೇವೆ. ಹಾಡಿನ ಹಿಂದಿನ ಮಾತು, ಶ್ರುತಿಗೆ ಏರುವ ಆ ದನಿ, ಎದುರು ಪಾತ್ರದ ಉತ್ತರ ಎಲ್ಲವೂ ಬಿಟ್ಟುಹೋಗುತ್ತವೆ. ಮುಂದಿನ ತಲೆಮಾರಿಗೆ ಸಿಗುವುದು ಹಾಡು ಮಾತ್ರ, ಅದನ್ನು ಹಾಡಿದ ವಿದ್ಯೆಯಲ್ಲ. ಈಚೆಗೆ ಹಳ್ಳಿಯ ನಾಟಕದ ನಡುವೆಯೂ ಸಿನಿಮಾ ಹಾಡು ಹಾಕಿ ಕುಣಿಸುವುದು ರೂಢಿಯಾಗಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.

ಮಾಡಬೇಕಾದದ್ದು ಕೈಗೆಟಕದ ಕೆಲಸವೇನಲ್ಲ. ಹಿರಿಯ ಕಲಾವಿದೆಯರು ಇರುವಾಗಲೇ ಅವರ ಹೆಸರಾಂತ ಪಾತ್ರಗಳ ಇಡೀ ದೃಶ್ಯಗಳನ್ನು, ಮಾತು ಹಾಡು ಎರಡನ್ನೂ ಕೂಡಿಸಿ, ಹಾರ್ಮೋನಿಯಂ ಮಾಸ್ತರರ ಜೊತೆಗೇ ಚಿತ್ರೀಕರಿಸಿ ಇಡಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಊರುಗಳ ಪಕ್ಕದಲ್ಲೇ ಇದೆ. ಹೊಸಪೇಟೆಯಲ್ಲಿ ಆಕಾಶವಾಣಿ ಕೇಂದ್ರವಿದೆ. ರಂಗಶಾಲೆಗಳಲ್ಲಿ ಹಾಡುಗಾರಿಕೆಯನ್ನು ವಾರಕ್ಕೊಮ್ಮೆಯ ಪಾಠವಾಗಿ ಕಲಿಸದೆ, ಮಾತು ಕಲಿಸುವ ಹೊತ್ತಿನಲ್ಲೇ ಶ್ರುತಿಯನ್ನೂ ಕಲಿಸಬೇಕು. ಕಲಿಸಲು ವೃತ್ತಿ ಕಲಾವಿದೆಯರನ್ನೇ ಗೌರವಧನ ಕೊಟ್ಟು ಕರೆಯಬೇಕು. ಪ್ರಶಸ್ತಿ, ಮಾಸಾಶನಗಳ ಆಯ್ಕೆಗೆ ಕೂರುವವರು ಆಕೆ ಯಾವ ಖಾನೆಗೆ ಸೇರುತ್ತಾಳೆ ಎಂದು ಕೇಳುವುದನ್ನು ಬಿಟ್ಟು, ರಂಗದ ಮೇಲೆ ಏನು ಮಾಡಿದಳು ಎಂದು ಕೇಳಬೇಕು. ಹಾಡುವ ನಟರು ನಮ್ಮಿಂದ ಎರಡು ಬಹುಮಾನ ಬೇಡುತ್ತಿಲ್ಲ. ಅವರ ಕಲೆ ಒಂದೇ ಎಂದು ಒಪ್ಪಿ, ಅದಕ್ಕೆ ಪೂರ್ತಿ ಬೆಲೆ ಕೊಡುವುದು ನಮ್ಮ ಮೇಲಿನ ಋಣ.