ಕಂಡದ್ದೆಲ್ಲ ಕನ್ನಡವಲ್ಲ

ಹೊರನಾಡ ಕನ್ನಡಿಗರಾದ ನಾವು ಭಾಷೆಯ ವಿಷಯದಲ್ಲಿ ತುಂಬ ಸೂಕ್ಷ್ಮ ಮನಸ್ಸಿನವರು. ಸಂಘದ ನಾಮಫಲಕದಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಕಾರ್ಯದರ್ಶಿಗಳಿಗೆ ಪತ್ರ ಬರೆಯುತ್ತೇವೆ. ವೇದಿಕೆಯ ಮೇಲೆ ಅತಿಥಿಗಳು ಹಕಾರವನ್ನು ನುಂಗಿದರೆ ಊಟದ ಪಂಕ್ತಿಯಲ್ಲಿ ಅದರದೇ ಚರ್ಚೆ ನಡೆಯುತ್ತದೆ. ಇಷ್ಟೊಂದು ಎಚ್ಚರವುಳ್ಳ ನಮ್ಮ ಸಂಘಸಂಸ್ಥೆಗಳು ಮೂರು ದಶಕಗಳಿಂದ ಗಣಕಯಂತ್ರದಲ್ಲಿ ಕೂಡಿಡುತ್ತ ಬಂದಿರುವ ಕನ್ನಡದ ಬಹುಪಾಲು ಕನ್ನಡವೇ ಅಲ್ಲ ಎಂದರೆ ಓದುಗರು ಹುಬ್ಬೇರಿಸಬಹುದು. ಇದು ಉತ್ಪ್ರೇಕ್ಷೆಯ ಮಾತಲ್ಲ, ಅಕ್ಷರಶಃ ಸತ್ಯ. ಬೆಳ್ಳಗಿರುವುದೆಲ್ಲ ಹಾಲಲ್ಲ, ಪರದೆಯ ಮೇಲೆ ಕನ್ನಡವಾಗಿ ಕಂಡದ್ದೆಲ್ಲ ಕನ್ನಡವಲ್ಲ.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಮೇಲೆಯೇ ಯಂತ್ರ ಅದನ್ನು ನೆನಪಿಡುತ್ತದೆ, ಹುಡುಕುತ್ತದೆ, ಇನ್ನೊಂದು ಯಂತ್ರಕ್ಕೆ ದಾಟಿಸುತ್ತದೆ. ಮೊದಲಿನ ವ್ಯವಸ್ಥೆಯಲ್ಲಿದ್ದ 256 ಸ್ಥಾನಗಳು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೇ ಮೀಸಲಾಗಿದ್ದವು. ಕನ್ನಡಕ್ಕೆ ಅಲ್ಲಿ ಎಡೆಯಿರಲಿಲ್ಲ. ಆಗ ನಮ್ಮ ತಂತ್ರಜ್ಞರು ಒಂದು ಉಪಾಯ ಹೂಡಿದರು. ಕನ್ನಡ ಅಕ್ಷರಗಳ ಅಂಗಾಂಗಗಳನ್ನು, ಎಂದರೆ ತಲೆಕಟ್ಟು, ಗುಣಿತದ ಚಿಹ್ನೆ, ಒತ್ತು ಇವುಗಳನ್ನು ಬಿಡಿಬಿಡಿ ಚಿತ್ರಗಳಾಗಿ ರಚಿಸಿ ಪರಕೀಯ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದರು. ಇಂಥ ಚಿತ್ರಗಳ ಗಂಟಿಗೇ ಫಾಂಟ್ ಎಂದು ಹೆಸರು.

ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬೆರಳಚ್ಚು ಮಾಡಿ, ಆ ಫಾಂಟ್ ಇಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿ. ಮೊದಲು ಇಂಗ್ಲಿಷಿನ ಪಿ, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬಳಿಕ ಬ್ರಿಟಿಷರ ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಅನಂತರ ಜರ್ಮನ್ ಭಾಷೆಯ ಜೋಡಿ ಎಸ್, ಒಂದು ಕ್ಯೂ, ಕೊನೆಗೆ ಮತ್ತೊಮ್ಮೆ ಎ. ಮೂರಕ್ಷರದ ನಮ್ಮ ನುಡಿಯ ಹೆಸರು ಏಳು ಪರದೇಶಿ ಗುರುತುಗಳ ಸಂತೆಯಾಗಿರುತ್ತದೆ. ಯಂತ್ರದ ಒಡಲಲ್ಲಿ ಮೊದಲಿನಿಂದಲೂ ಇದ್ದದ್ದು ಈ ಸಂತೆಯೇ. ಯಕ್ಷಗಾನದ ವೇಷ ಕಳಚಿದಂತೆ ಫಾಂಟ್ ಕಳಚಿದೊಡನೆ ಒಳಗಿನ ನಿಜರೂಪ ಹೊರಬಿತ್ತು, ಅಷ್ಟೆ. ಸಾಲದ್ದಕ್ಕೆ ಶ್ರೀಲಿಪಿ, ಆಕೃತಿ ಮೊದಲಾದ ಒಂದೊಂದು ತಂತ್ರಾಂಶವೂ ತನ್ನದೇ ಕ್ರಮದಲ್ಲಿ ಈ ಚಿತ್ರಗಳನ್ನು ಜೋಡಿಸಿತು. ಒಂದರ ಬರಹ ಇನ್ನೊಂದಕ್ಕೆ ಅರ್ಥವಾಗದು.

ಆ ಕಾಲದವರನ್ನು ದೂರುವುದು ನನ್ನ ಉದ್ದೇಶವಲ್ಲ. ಬೇರೆ ದಾರಿಯಿಲ್ಲದಾಗ ಅವರು ಕನ್ನಡವನ್ನು ಪರದೆಯ ಮೇಲೆ ಮೂಡಿಸಿದರು. ಅದಕ್ಕಾಗಿ ನಾವು ಋಣಿಗಳು. ಆ ಸಾಹಸದಲ್ಲಿ ಮುಂಬಯಿಯ ಪಾಲು ಸಣ್ಣದಲ್ಲ. ಕನ್ನಡಕ್ಕೆ ಉಚ್ಚಾರಣೆಯನ್ನು ಅನುಸರಿಸುವ ಸರಳ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶವನ್ನು ಕೊಟ್ಟ ಕೆ.ಪಿ. ರಾವ್ ಅವರು ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು. ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲದ ಬಾಗಿಲನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ, 1996ರಲ್ಲಿ, ‘ವಿಶ್ವಕನ್ನಡ’ ಎಂಬ ಜಾಲಪತ್ರಿಕೆಯನ್ನು ಹೊರತಂದ ಡಾ. ಯು.ಬಿ. ಪವನಜ ಅವರು ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಹೊರನಾಡಿನ ನೆಲದಲ್ಲಿ ನಿಂತು ಇವರು ಒಳನಾಡಿಗೆ ದಾರಿ ತೋರಿದರು. ಆ ದಾರಿಯಲ್ಲಿ ಮುಂದೆ ನಡೆಯಬೇಕಾಗಿದ್ದ ಸಂಘಗಳು ಮೊದಲ ಮೈಲಿಗಲ್ಲಿನ ಬಳಿಯೇ ಚಾಪೆ ಹಾಸಿ ಮಲಗಿದ್ದು ವಿಪರ್ಯಾಸವೆನ್ನದೆ ವಿಧಿಯಿಲ್ಲ.

ಏಕೆಂದರೆ ನಿರುಪಾಯದ ಕಾಲ ಎಂದೋ ಮುಗಿಯಿತು. ಜಗತ್ತಿನ ಎಲ್ಲ ಲಿಪಿಗಳಿಗೂ ಅವುಗಳದೇ ಆದ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಪದ್ಧತಿಯ ಮೊದಲ ಆವೃತ್ತಿ 1991ರಲ್ಲಿಯೇ ಬಂದಿತು. ಕನ್ನಡಕ್ಕೆ ಅದರಲ್ಲಿ ಆರಂಭದಿಂದಲೇ ಸ್ಥಾನವಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಸೇರಿತ್ತು. 2012ರಲ್ಲಿ ಆಂಡ್ರಾಯ್ಡ್ ದೂರವಾಣಿಗಳಿಗೂ ಕನ್ನಡದ ಬೆಂಬಲ ದೊರೆಯಿತು. ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮುನ್ನ, ಕನ್ನಡ ತಂತ್ರಾಂಶದ ಪ್ರಶ್ನೆ ಭಾಷೆಯ ಅಳಿವು ಉಳಿವಿನ ಪ್ರಶ್ನೆಯೆಂದು ಗಟ್ಟಿಯಾಗಿ ದನಿಯೆತ್ತಿದ್ದರು. ಇಷ್ಟಾದ ಮೇಲೂ ಇಂದಿಗೂ ಎಷ್ಟೋ ಸಂಘಗಳ ಸ್ಮರಣ ಸಂಚಿಕೆ, ವಾರ್ಷಿಕ ವರದಿ, ಆಮಂತ್ರಣ ಪತ್ರಿಕೆಗಳು ಹಳೆಯ ಫಾಂಟುಗಳಲ್ಲಿಯೇ ಸಿದ್ಧವಾಗುತ್ತಿವೆ. ಹಳಸಿದ ಅನ್ನವನ್ನು ಹೊಸ ಬಾಳೆಲೆಯಲ್ಲಿ ಬಡಿಸಿದಂತೆ.

ಇದರಿಂದಾಗುವ ನಷ್ಟವೇನೆಂಬುದಕ್ಕೆ ನಾನೇ ಕಂಡ ಒಂದು ನಿದರ್ಶನ ಸಾಕು. ನಮ್ಮ ಉಪನಗರದ ಸಂಘವೊಂದು ತನ್ನ ಹಳೆಯ ಸಂಚಿಕೆಗಳಿಂದ ಆಯ್ದ ಲೇಖನಗಳ ಸಂಪುಟ ತರಲು ನಿಶ್ಚಯಿಸಿತು. ಸಮಿತಿಯಲ್ಲಿ ನಾನೂ ಇದ್ದೆ. ಮುದ್ರಿತ ಪ್ರತಿಗಳು ಬಹುತೇಕ ಇರಲಿಲ್ಲ. ಕಟ್ಟಡವು ಪುನರ್ನಿರ್ಮಾಣಕ್ಕೆ ಹೋದಾಗ ಕಪಾಟು ಬರಿದು ಮಾಡಿದವರು ರದ್ದಿಯವನನ್ನು ಕರೆದಿದ್ದರಂತೆ. ‘ಚಿಂತೆ ಬೇಡ, ಎಲ್ಲವೂ ಸಿ.ಡಿ.ಯಲ್ಲಿದೆ’ ಎಂದು ಹಿರಿಯರೊಬ್ಬರು ಒಂದು ಬಿಸ್ಕತ್ತಿನ ಡಬ್ಬಿ ತಂದಿಟ್ಟರು. ಡಬ್ಬಿಯ ತುಂಬ ಸಿ.ಡಿ.ಗಳು, ಒಂದೊಂದರ ಮೇಲೂ ದುಂಡಾದ ಅಕ್ಷರದಲ್ಲಿ ಬರೆದ ಇಸವಿ. ತೆರೆದರೆ ಪುಟಗಟ್ಟಲೆ ಪೌಂಡ್ ಚಿಹ್ನೆ, ಪುಟಗಟ್ಟಲೆ ಓರೆಗೆರೆಯ ಎ. ಯಾವ ಫಾಂಟ್ ಬಳಸಿದ್ದರೆಂದು ಕೇಳೋಣವೆಂದರೆ ಅಕ್ಷರ ಜೋಡಿಸಿದ ಅಂಗಡಿಯೇ ಮುಚ್ಚಿಹೋಗಿತ್ತು. ಪರಿವರ್ತಕ ತಂತ್ರಾಂಶಗಳಿಂದ ಕೆಲವನ್ನು ಉಳಿಸಿಕೊಂಡೆವು. ಅವುಗಳಲ್ಲಿಯೂ ಅರ್ಕಾವತ್ತು ಸ್ಥಳ ತಪ್ಪಿತ್ತು, ನಡುನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿದ್ದವು. ಉಳಿದವು ಇಂದಿಗೂ ಡಬ್ಬಿಯಲ್ಲಿಯೇ ಇವೆ. ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತವರೊಬ್ಬರು ಬರೆದ ಆತ್ಮಕಥನದ ಕಂತುಗಳು ಅವುಗಳಲ್ಲಿ ಸೇರಿವೆ ಎಂದು ಬಲ್ಲವರು ಹೇಳುತ್ತಾರೆ. ಬರೆದವರು ಈಗಿಲ್ಲ. ಮರಳಿ ಬರೆಯುವವರು ಯಾರು?

ನಾನು ಕೇಂದ್ರ ಸರ್ಕಾರದ ಅಧಿಕಾರಿ. ಕಡತಗಳ ನಡುವೆ ತಲೆ ನರೆತವನು. ಕಡತ ಕಳೆದರೆ ಮನುಷ್ಯನ ಹಕ್ಕೂ ಕಳೆಯುತ್ತದೆಂಬುದು ನನ್ನ ವೃತ್ತಿ ಕಲಿಸಿದ ಪಾಠ. ಹಿಂದಿಗೂ ಇದೇ ರೋಗ ತಗಲಿತ್ತು. ಕೃತಿದೇವ್ ಫಾಂಟಿನ ಹಿಂದಿ ಪತ್ರಗಳು ಪಕ್ಕದ ಮೇಜಿನ ಯಂತ್ರದಲ್ಲಿ ತೆರೆಯದೆ ಪರದಾಡಿದ ದಿನಗಳಿದ್ದವು. ಆದರೆ ರಾಜಭಾಷಾ ವಿಭಾಗ ಯೂನಿಕೋಡನ್ನೇ ಬಳಸಬೇಕೆಂದು ಆದೇಶಿಸಿತು, ಕಚೇರಿಗಳು ಬದಲಾದವು. ತಮಿಳರು 1999ರ ಫೆಬ್ರವರಿಯಲ್ಲಿಯೇ ಚೆನ್ನೈಯಲ್ಲಿ ಸಮ್ಮೇಳನ ಸೇರಿ ತಮ್ಮ ಕೀಲಿಮಣೆಯನ್ನೂ ಸಂಕೇತಗಳನ್ನೂ ಶಿಸ್ತಿಗೆ ತರಲು ಮುಂದಾದರು. ಹಿಂದಿಗೆ ಕೇಂದ್ರದ ಆದೇಶವಿದೆ. ಮರಾಠಿಗೆ ಇಲ್ಲಿ ರಾಜ್ಯವೇ ಇದೆ. ಹೊರನಾಡಿನ ಕನ್ನಡಕ್ಕೆ ನಾವಲ್ಲದೆ ಯಾರಿದ್ದಾರೆ?

ಈ ಮಾತನ್ನು ಎಲ್ಲಿ ಆಡಿದರೂ ಎದುರಾಗುವ ಆಕ್ಷೇಪಗಳು ಕೆಲವಿವೆ. ಒಂದೊಂದನ್ನಾಗಿ ಪರಿಶೀಲಿಸೋಣ.

ಮೊದಲನೆಯದು: ಅಚ್ಚು ಅಂದವಾಗಿ ಬಂದರೆ ಸಾಲದೆ, ಒಳಗಿನ ಸಂಖ್ಯೆ ಯಾವುದಾದರೇನು? ಕಾಗದ ಈ ಊರಿನಲ್ಲಿ ಎಷ್ಟು ದಿನ ಬದುಕೀತು ಎಂಬುದೇ ಇದಕ್ಕೆ ಉತ್ತರ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನೆಲಮಾಳಿಗೆಯಲ್ಲಿಯೋ ನೆಲಮಹಡಿಯಲ್ಲಿಯೋ ಪುಸ್ತಕ ಇಟ್ಟವರನ್ನು ಕೇಳಿ ನೋಡಿ. ಮಳೆಯಿಂದ ಉಳಿದದ್ದು ಗೆದ್ದಲಿಗೆ, ಗೆದ್ದಲಿನಿಂದ ಉಳಿದದ್ದು ರದ್ದಿಗೆ. ಹತ್ತು ಕಡೆ ಹತ್ತು ಪ್ರತಿಗಳಾಗಿ ಉಳಿಯಬಲ್ಲದ್ದು ಯಂತ್ರದ ಬರಹ ಮಾತ್ರ. ಅದಾದರೂ ಓದಲು ಬರುವಂತಿರಬೇಕು.

ಎರಡನೆಯದು: ಈಗ ಎಲ್ಲವನ್ನೂ ಪಿ.ಡಿ.ಎಫ್. ಮಾಡಿ ವಾಟ್ಸಪ್ಪಿನಲ್ಲಿ ಕಳಿಸುತ್ತೇವಲ್ಲ, ಇನ್ನೇನು ಬೇಕು? ಕಳಿಸುತ್ತೀರಿ, ನಿಜ. ಹಳೆಯ ಫಾಂಟಿನ ಬರಹ ಪಿ.ಡಿ.ಎಫ್. ಆದರೂ ಒಳಗಿನ ಸಂತೆ ಹಾಗೆಯೇ ಇರುತ್ತದೆ. ಅದರಲ್ಲಿ ‘ಮಾಟುಂಗಾ’ ಎಂದು ಹುಡುಕಿದರೆ ಸಿಗದು. ‘ರಾತ್ರಿಶಾಲೆ’ ಎಂದು ಹುಡುಕಿದರೂ ಸಿಗದು. 1978ರಲ್ಲಿ ಆರಂಭವಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ನಾಳೆ ಒಬ್ಬ ವಿದ್ಯಾರ್ಥಿ ನಮ್ಮ ಬದುಕನ್ನು ಕುರಿತು ಸಂಶೋಧನೆಗೆ ತೊಡಗಿದರೆ, ಆತನ ಪಾಲಿಗೆ ನಾವು ಇದ್ದೂ ಇಲ್ಲದವರು. ಕಣ್ಣು ಕಾಣದ ಓದುಗರಿಗೆ ಯಂತ್ರವೇ ಓದಿ ಹೇಳುವ ಸೌಲಭ್ಯ ಇಂದು ಕನ್ನಡದಲ್ಲಿಯೂ ಇದೆ. ನಮ್ಮ ಸಂಚಿಕೆಯನ್ನು ಅದರ ಮುಂದಿಟ್ಟರೆ ಅದು ಪೌಂಡ್, ಕ್ಯೂ ಎಂದು ತೊದಲುತ್ತದೆ.

ಮೂರನೆಯದು: ಹಳೆಯ ತಂತ್ರಾಂಶಕ್ಕೆ ಕೈ ಪಳಗಿದ ಅಂಗಡಿಯವರು ಒಪ್ಪುವುದಿಲ್ಲ. ಅವರು ಹಿಡಿದು ಕೂತಿರುವ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ತಯಾರಿಸಿದ ಸಂಸ್ಥೆಯೇ ಕೈಬಿಟ್ಟ ಸರಕನ್ನು ನಾವು ಎದೆಗವಚಿಕೊಂಡಿದ್ದೇವೆ. ಯೂನಿಕೋಡ್ ಕನ್ನಡವನ್ನು ಅಂದವಾಗಿ ಪುಟಕಟ್ಟುವ ತಂತ್ರಾಂಶಗಳು ಇಂದು ಹಣಕ್ಕೂ ಸಿಗುತ್ತವೆ, ಉಚಿತವಾಗಿಯೂ ಸಿಗುತ್ತವೆ. ಹಣ ಕೊಡುವವರು ನಾವು. ಕೇಳಬೇಕಾದವರೂ ನಾವೇ.

ನಾಲ್ಕನೆಯ ಆಕ್ಷೇಪ ನೋವಿನದು. ಮೊಮ್ಮಕ್ಕಳಿಗೆ ಕನ್ನಡ ಓದಲೇ ಬಾರದಿರುವಾಗ ಇಷ್ಟೆಲ್ಲ ಯಾರಿಗಾಗಿ? ಇದನ್ನು ಕೇಳುವವರ ಮನಸ್ಸನ್ನು ನಾನು ಬಲ್ಲೆ. ಆದರೆ ಯೂನಿಕೋಡ್ ಪದ್ಧತಿಯಲ್ಲಿ ಅಡಗಿರುವ ಒಂದು ಸೊಗಸನ್ನು ಅವರು ಗಮನಿಸಬೇಕು. ಭಾರತದ ಪ್ರಮುಖ ಲಿಪಿಗಳಿಗೆ ಅಲ್ಲಿ 128 ಮನೆಗಳ ಒಂದೊಂದು ಸಾಲು ಗೊತ್ತಾಗಿದೆ. ಪರೇಲು, ಲಾಲ್‌ಬಾಗುಗಳ ಚಾಳುಗಳನ್ನು ನೆನೆಯಿರಿ. ದೇವನಾಗರಿಯ ಚಾಳಿನಲ್ಲಿ ‘ಕ’ ಯಾವ ಸಂಖ್ಯೆಯ ಖೋಲಿಯಲ್ಲಿದೆಯೋ ಕನ್ನಡದ ಚಾಳಿನಲ್ಲಿಯೂ ‘ಕ’ ಅದೇ ಸಂಖ್ಯೆಯ ಖೋಲಿಯಲ್ಲಿದೆ. ಹಾಗಾಗಿ ನಿಜವಾದ ಕನ್ನಡ ಅಕ್ಷರಗಳಲ್ಲಿರುವ ಬರಹವನ್ನು ಯಂತ್ರ ಕ್ಷಣಮಾತ್ರದಲ್ಲಿ ನಾಗರಿ ಲಿಪಿಗೆ ದಾಟಿಸಬಲ್ಲದು. ‘ಬೆಳೆ’ ಮತ್ತು ‘ಬೇಳೆ’ಗಳ ಭೇದವನ್ನು ತೋರಿಸಲು ಬೇಕಾದ ಹ್ರಸ್ವ ಎಕಾರ ಮರಾಠಿ ಬರವಣಿಗೆಯಲ್ಲಿ ಇಲ್ಲದಿದ್ದರೂ, ನಾಗರಿಯ ಸಾಲಿನಲ್ಲಿ ಅದಕ್ಕೂ ಒಂದು ಮನೆ ಕಾದಿರಿಸಲಾಗಿದೆ. ನಮ್ಮ ಮೊಮ್ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ನಾಗರಿ ಓದುತ್ತಾರೆ. ಅಜ್ಜನ ಕನ್ನಡ ಕಥೆಯನ್ನು ಅವರು ನಾಗರಿಯಲ್ಲಿ ಓದಿದರೆ ಕನ್ನಡಕ್ಕೆ ಕುಂದಿಲ್ಲ. ಒಂದು ದಿನ ಮೂಲ ಲಿಪಿಯತ್ತ ಹೊರಳುವ ಆಸೆಯೂ ಅಲ್ಲಿಯೇ ಹುಟ್ಟೀತು. ಪೌಂಡ್ ಚಿಹ್ನೆಗಳ ಸಂತೆಯಿಂದ ಈ ಸೇತುವೆಯನ್ನು ನೇರವಾಗಿ ಕಟ್ಟಲಾಗದು.

ಕೊನೆಯ ಆಕ್ಷೇಪ: ಇದೆಲ್ಲ ಸರ್ಕಾರದ, ದೊಡ್ಡ ಕಂಪನಿಗಳ ಕೆಲಸ. ಗೂಗಲ್ ಅನುವಾದ ಸೇವೆಗೆ ಕನ್ನಡ ಸೇರಿದ್ದು 2011ರಲ್ಲಿ. ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಕನ್ನಡದಲ್ಲಿ ಉತ್ತರ ಕೊಡುತ್ತಿವೆ. ಇವು ಕನ್ನಡ ಕಲಿಯುವುದು ಅಂಗೈಯಿಂದಲ್ಲ, ತಮಗೆ ಓದಲು ಸಿಕ್ಕ ಕನ್ನಡದಿಂದ. ಬೆಂಗಳೂರಿನ ಪತ್ರಿಕೆಗಳ ಕನ್ನಡ ಅವುಗಳಿಗೆ ಧಾರಾಳವಾಗಿ ಸಿಗುತ್ತದೆ. ತುಳು, ಕೊಂಕಣಿ, ಮರಾಠಿಗಳ ಒಡನಾಟದಲ್ಲಿ ಬೆಳೆದ ಮುಂಬಯಿ ಕನ್ನಡ, ಸೊಲ್ಲಾಪುರದ ಕನ್ನಡ, ಕಾಸರಗೋಡಿನ ಕನ್ನಡ ಸಾಕಷ್ಟು ಸಿಗದಿದ್ದರೆ ಅವುಗಳ ಲೆಕ್ಕದಲ್ಲಿ ಇಂಥ ಕನ್ನಡಗಳೇ ಇಲ್ಲ. ನಾಳೆ ನಮ್ಮ ನುಡಿಯನ್ನು ಯಂತ್ರ ತಪ್ಪೆಂದು ತಿದ್ದಿದಾಗ ಕೋಪಗೊಂಡು ಫಲವೇನು? ದೂರವಾಣಿಯಲ್ಲಿ ಕನ್ನಡ ಕೀಲಿಮಣೆ ಇದ್ದೂ ಇಂಗ್ಲಿಷ್ ಅಕ್ಷರಗಳಲ್ಲಿ ರಾಜ್ಯೋತ್ಸವದ ಶುಭಾಶಯ ಕಳಿಸುವವರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ.

ಮಾಡಬೇಕಾದದ್ದು ದುಬಾರಿಯದೇನಲ್ಲ. ಯೂನಿಕೋಡಿನಲ್ಲಿ ಇಲ್ಲದ ಯಾವ ಕೆಲಸಕ್ಕೂ ಹಣ ಸಲ್ಲಿಸಲಾಗದು ಎಂದು ಪ್ರತಿ ಸಂಘವೂ ತನ್ನ ಮುಂದಿನ ಮಹಾಸಭೆಯಲ್ಲಿ ಒಂದು ಸಾಲಿನ ನಿರ್ಣಯ ಮಾಡಲಿ. ಸಂಚಿಕೆ ಅಚ್ಚಾದೊಡನೆ ಮೂಲ ಬರಹದ ಪ್ರತಿಯನ್ನು ಮುದ್ರಕರಿಂದ ಕೇಳಿ ಪಡೆದು, ಸಂಘದಲ್ಲಿ ಒಂದು, ಹೊರಗೆ ಎರಡು ಕಡೆ ಇಡಲಿ. ಹಳೆಯ ಸಿ.ಡಿ.ಗಳನ್ನು ಅವು ತೆರೆಯುವ ಸ್ಥಿತಿಯಲ್ಲಿರುವಾಗಲೇ ಹೊರತೆಗೆದು, ಬಳಸಿದ ಫಾಂಟಿನ ಹೆಸರನ್ನು ಬಲ್ಲವರು ಬದುಕಿರುವಾಗಲೇ ಕೇಳಿ ಬರೆದಿಡಲಿ. ಪರಿವರ್ತಿಸಿದ ಬರಹವನ್ನು ತಿದ್ದುವ ಕೆಲಸಕ್ಕೆ ನಿವೃತ್ತ ಶಿಕ್ಷಕರಿಗಿಂತ ಯೋಗ್ಯರು ಯಾರು? ನಮ್ಮ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿರುವ ಈ ಕಾಲದಲ್ಲಿ ಅವರಿಗೂ ಅದು ಸಂತೋಷದ ಕಾಯಕವಾದೀತು.

ಒಂದು ವರ್ಷ ನಾಟಕದ ಬೆಳಕಿಗೆ, ಶಾಲುಹಾರಗಳಿಗೆ ವೆಚ್ಚವಾಗುವ ಹಣದಲ್ಲಿ ಸ್ವಲ್ಪ ಮಿಗಿಸಿದರೂ ಇಷ್ಟೂ ನಡೆಯುತ್ತದೆ. ನಾಮಫಲಕದ ಒತ್ತಕ್ಷರಕ್ಕಾಗಿ ಪತ್ರ ಬರೆಯುವ ನಮ್ಮ ಅಭಿಮಾನಿಗಳು ಇನ್ನು ಮುಂದೆ ಕಾರ್ಯದರ್ಶಿಗಳಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ನೀವು ಕೂಡಿಟ್ಟಿರುವುದು ಅಕ್ಷರವೋ, ಅಕ್ಷರದ ಚಿತ್ರವೋ? ಕ್ಷರವಿಲ್ಲದ್ದು, ಅಳಿಯದ್ದು ಎಂಬುದೇ ಅಕ್ಷರ ಶಬ್ದದ ಅರ್ಥ. ಆ ಹೆಸರಿಗೆ ತಕ್ಕಂತೆ ಅದನ್ನು ಉಳಿಸಿಕೊಳ್ಳುವ ಸಾಧನ ಈಗ ನಮ್ಮ ಕೈಯಲ್ಲಿಯೇ ಇದೆ.