ಬಂಧನದ ಅಧಿಕಾರ ತೆರಿಗೆ ವಸೂಲಿಯ ಸಾಧನವಾಗಬಾರದು

ತೆರಿಗೆ ವಂಚಿಸುವವನನ್ನು ಶಿಕ್ಷಿಸುವ ಅಧಿಕಾರ ಸರ್ಕಾರಕ್ಕೆ ಇರಲೇಬೇಕು. ಸರಕು ಸಾಗಿಸದೆಯೇ ಬಿಲ್ಲು ಹರಿದುಕೊಡುವ ಖೊಟ್ಟಿ ವ್ಯವಹಾರದಿಂದ ಬೊಕ್ಕಸಕ್ಕೆ ಹಾನಿಯಾಗುವಂತೆ ಪ್ರಾಮಾಣಿಕ ವ್ಯಾಪಾರಸ್ಥನಿಗೂ ಹಾನಿಯಾಗುತ್ತದೆ. ಮಾರಿದವನು ತೆರಿಗೆ ಕಟ್ಟದೆ ಕಣ್ಮರೆಯಾದರೆ ಕೊಂಡವನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟಿಗೆ ಸಂಚಕಾರ ಬರುತ್ತದೆ. ಹೀಗಿರುವಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಅಧಿಕಾರವನ್ನು ಯಾವ ಕಟ್ಟಳೆಯೊಳಗೆ ಚಲಾಯಿಸಬೇಕು?

2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 69ನೆಯ ಕಲಮು ಬಂಧನದ ಅಧಿಕಾರವನ್ನು ಕೊಡುತ್ತದೆ. ಆದರೆ ಆ ಅಧಿಕಾರ ಅಂಗಡಿಗೆ ಬಂದ ಪ್ರತಿಯೊಬ್ಬ ಅಧಿಕಾರಿಯ ಕೈಯಲ್ಲಿಲ್ಲ. ಅಪರಾಧ ನಡೆದಿದೆಯೆಂದು ನಂಬಲು ಕಾರಣಗಳಿವೆ ಎಂದು ಆಯುಕ್ತರಿಗೆ ಮನವರಿಕೆಯಾಗಿ ಅವರು ಆದೇಶ ನೀಡಬೇಕು. ಬಿಲ್ಲಿಲ್ಲದ ಮಾರಾಟ, ಸರಕಿಲ್ಲದ ಬಿಲ್ಲು, ಅಂಥ ಬಿಲ್ಲಿನ ಮೇಲೆ ಪಡೆದ ಕ್ರೆಡಿಟ್, ಗಿರಾಕಿಯಿಂದ ವಸೂಲು ಮಾಡಿಯೂ ಮೂರು ತಿಂಗಳು ಮೀರಿ ಕಟ್ಟದ ತೆರಿಗೆ, ಇವು 132ನೆಯ ಕಲಮಿನಲ್ಲಿ ಹೆಸರಿಸಿದ ಅಂಥ ಅಪರಾಧಗಳು. ಸಾಮಾನ್ಯವಾಗಿ ಮೊತ್ತ 2 ಕೋಟಿ ರೂಪಾಯಿ ಮೀರಿರಬೇಕು. 5 ಕೋಟಿ ಮೀರಿದರೆ ಅದು ಜಾಮೀನುರಹಿತ ಅಪರಾಧ. ರಿಟರ್ನ್ ತಡವಾದುದಕ್ಕೆ, ಲೆಕ್ಕದಲ್ಲಿ ವ್ಯತ್ಯಾಸ ಕಂಡುದಕ್ಕೆ, ತೆರಿಗೆಯ ದರದ ಬಗೆಗೆ ತಕರಾರು ಇದ್ದುದಕ್ಕೆ ಯಾರನ್ನೂ ಬಂಧಿಸಲು ಬರುವುದಿಲ್ಲ. ಅವುಗಳಿಗೆ ನೋಟೀಸು, ಉತ್ತರ, ಆದೇಶ, ಮೇಲ್ಮನವಿ ಎಂಬ ರಾಜಮಾರ್ಗ ಬೇರೆಯೇ ಇದೆ.

ಈ ಅಧಿಕಾರದ ಸಿಂಧುತ್ವವನ್ನು ಪ್ರಶ್ನಿಸಿದ ರಾಧಿಕಾ ಅಗರ್ವಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಫೆಬ್ರವರಿ 27ರಂದು ತೀರ್ಪು ನೀಡಿತು. ಕಲಮುಗಳನ್ನು ಅದು ಎತ್ತಿಹಿಡಿಯಿತು. ಜೊತೆಗೆ ಅವುಗಳ ಸುತ್ತ ಬೇಲಿಯನ್ನೂ ಹಾಕಿತು. ನಂಬಲು ಇರುವ ಕಾರಣಗಳು ಆಧಾರಸಹಿತವಾಗಿ ದಾಖಲಾಗಿರಬೇಕು. ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಡಬೇಕು. ಎಫ್.ಐ.ಆರ್. ಇಲ್ಲದಿದ್ದರೂ ನಿರೀಕ್ಷಣಾ ಜಾಮೀನು ಕೇಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬಂಧನದ ಬೆದರಿಕೆ ಹಾಕಿ ತೆರಿಗೆ ಕಟ್ಟಿಸಿಕೊಳ್ಳಕೂಡದು. ಹಾಗೆ ಕಟ್ಟಿಸಿಕೊಂಡರೆ ವ್ಯಾಪಾರಸ್ಥನು ನ್ಯಾಯಾಲಯಕ್ಕೆ ಹೋಗಿ ಹಣ ಮರಳಿ ಕೇಳಬಹುದು, ತಪ್ಪಿತಸ್ಥ ಅಧಿಕಾರಿಯ ಮೇಲೆ ಇಲಾಖೆ ಕ್ರಮ ಜರುಗಿಸಬೇಕು.

ಈ ದಾರಿಯನ್ನು ಮೊದಲೇ ತೋರಿದ ಗೌರವ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೂ ಸಲ್ಲುತ್ತದೆ. 2019ರಲ್ಲಿ ಸ್ವಿಗ್ಗಿ ವ್ಯವಹಾರ ನಡೆಸುತ್ತಿದ್ದ ಬಂಡ್ಲ್ ಟೆಕ್ನಾಲಜೀಸ್ ಕಂಪನಿಯ ಮೇಲೆ ತನಿಖೆ ನಡೆಯುತ್ತಿದ್ದಾಗಲೇ ಅದರಿಂದ ಸುಮಾರು 27.5 ಕೋಟಿ ರೂಪಾಯಿ ಜಮೆಯಾಗಿತ್ತು. ಅದು ಸ್ವಂತ ಇಚ್ಛೆಯ ಪಾವತಿಯಲ್ಲವೆಂದು 2021ರ ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ ತೀರ್ಮಾನಿಸಿತು. 2022ರ ಮಾರ್ಚಿನಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ಆಧಾರವಿಲ್ಲದೆ ತೆರಿಗೆ ವಸೂಲು ಮಾಡಕೂಡದೆಂದು ಸಂವಿಧಾನದ 265ನೆಯ ಅನುಚ್ಛೇದ ಹೇಳುತ್ತದೆ. ಆ ಒಂದು ಸಾಲಿನ ಬಲ ಎಷ್ಟೆಂಬುದು ಈ ಪ್ರಕರಣದಿಂದ ತಿಳಿಯುತ್ತದೆ.

ಆದರೆ ದೊಡ್ಡ ಕಂಪನಿಗೆ ಹಿರಿಯ ವಕೀಲರುಂಟು, ಬೆಂಗಳೂರಿನಲ್ಲಿ ಉಚ್ಚ ನ್ಯಾಯಾಲಯವುಂಟು. ಬೆಟಗೇರಿಯ ನೇಕಾರಿಕೆಯ ಮಾಲೀಕನಿಗೆ, ಲಕ್ಷ್ಮೇಶ್ವರದ ಅಡತಿ ಅಂಗಡಿಯವನಿಗೆ, ಡೋಣಿ, ಮುಂಡರಗಿ, ಶಿರಹಟ್ಟಿಯ ಕಿರಾಣಿ ವರ್ತಕನಿಗೆ ಏನುಂಟು? ಅವರ ಬಂಡವಾಳ ಬ್ಯಾಂಕಿನಲ್ಲಿರುವುದಕ್ಕಿಂತ ಪೇಟೆಯ ಪತ್ತಿನಲ್ಲಿದೆ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾದ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ. ಪತ್ತಿನ ಬೆಲೆ ಏನೆಂದು ಈ ನೆಲಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಒಬ್ಬ ವರ್ತಕನನ್ನು ಜೀಪಿನಲ್ಲಿ ಕೂಡ್ರಿಸಿಕೊಂಡು ಹೋದರೆಂಬ ಸುದ್ದಿ ಸಂಜೆಯೊಳಗೆ ಪೇಟೆ ತುಂಬುತ್ತದೆ. ಮರುದಿನ ಉದ್ರಿ ಕೊಡುವವರಿಲ್ಲ, ಮಾಲು ಕಳಿಸುವವರಿಲ್ಲ. ಎರಡು ವರ್ಷದ ಮೇಲೆ ನಿರ್ದೋಷಿಯೆಂದು ಆದೇಶ ಬಂದರೂ ಹೋದ ಪತ್ತು ಮರಳಿ ಬರುವುದಿಲ್ಲ.

ಭಯದಿಂದ ಬೊಕ್ಕಸಕ್ಕೂ ಲಾಭವಿಲ್ಲ. 2025ರ ಜುಲೈಯಲ್ಲಿ ಯು.ಪಿ.ಐ. ಜಮೆಗಳ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಸ್ಥರಿಗೆ ನೋಟೀಸು ಕಳಿಸಿದಾಗ ಆದದ್ದೇನು? ಉತ್ತರ ಕೊಡಲು ಅವಕಾಶವಿದ್ದ ನೋಟೀಸಿಗೇ ಹೆದರಿ ಅನೇಕರು ಕ್ಯೂ.ಆರ್. ಫಲಕ ತೆಗೆದು ನಗದಿಗೆ ಮರಳಿದರು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಸ್ಥರ ಸಭೆ ಕರೆದು ಸಮಾಧಾನ ಹೇಳಬೇಕಾಯಿತು. ಬರೀ ನೋಟೀಸಿಗೆ ಇಷ್ಟಾದರೆ ಬಂಧನದ ಮಾತಿಗೆ ಎಷ್ಟಾದೀತು?

ಇನ್ನೊಂದು ಮುಖ್ಯ ಸಂಗತಿ ಭಾಷೆಯದು. ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿಯೇ ಲಿಖಿತವಾಗಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ 2025ರ ನವೆಂಬರ್ 6ರಂದು ವಿಧಿಸಿದೆ. ಇದು 22ನೆಯ ಅನುಚ್ಛೇದದ ನೇರ ಫಲ. ಆದರೆ ಶೋಧದ ಪಂಚನಾಮೆ, ಸಮನ್ಸು, ಹೇಳಿಕೆಗಳಿಗೂ ಇದೇ ತತ್ವ ಅನ್ವಯವಾಗಬೇಕೆಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಕೀರ್ದಿ ಬರೆಯುವವನು ಓದಲಾರದ ಇಂಗ್ಲಿಷ್ ಹೇಳಿಕೆಗೆ ಸಹಿ ಹಾಕಿದರೆ ಅದನ್ನು ಸ್ವಂತ ಇಚ್ಛೆಯ ಹೇಳಿಕೆ ಎನ್ನಲಾದೀತೇ?

ಹಕ್ಕುಗಳು ಕಾಗದದ ಮೇಲಿದ್ದರೆ ಸಾಲದು. ಅವು ಬೇಕಾಗುವುದು ರಾತ್ರಿ ಹತ್ತು ಗಂಟೆಗೆ, ಅಂಗಡಿಯ ಬಾಗಿಲು ಹಾಕಿ ಒಳಗೆ ತಪಾಸಣೆ ನಡೆದಿರುವಾಗ. ಆ ಹೊತ್ತಿನಲ್ಲಿ "ಏನಾದರೂ ಕಟ್ಟಿ ಕಳಿಸಿಬಿಡೋಣ" ಎನ್ನುವುದು ನಮ್ಮವರ ರೂಢಿ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯೇ 2022ರ ಮೇ 25ರ ಸೂಚನೆಯಲ್ಲಿ ಶೋಧದ ಕಾಲಕ್ಕೆ ವಸೂಲಿ ಮಾಡಬಾರದೆಂದು ತನ್ನ ಅಧಿಕಾರಿಗಳಿಗೆ ಹೇಳಿದೆ. ಬಾಕಿ ಇದ್ದರೆ ಲೆಕ್ಕ ನೋಡಿ, ಸಲಹೆ ಪಡೆದು, ನಂತರ ಕಟ್ಟಲು ಅಡ್ಡಿಯಿಲ್ಲ. ಒತ್ತಾಯದಿಂದ ಕಟ್ಟಿದ್ದರೆ ವಿಳಂಬ ಮಾಡದೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು.

ಈ ನಿಟ್ಟಿನಲ್ಲಿ ವಾಣಿಜ್ಯೋದ್ಯಮ ಸಂಸ್ಥೆಯು ಮೂರು ಕೆಲಸಗಳನ್ನು ಕೈಗೊಳ್ಳಬೇಕೆಂದು ಸೂಚಿಸುತ್ತೇನೆ. ಒಂದು, ಶೋಧದ ಸಮಯದಲ್ಲಿ ಸದಸ್ಯನ ಕರೆಗೆ ಓಗೊಡಲು ವಕೀಲರು ಮತ್ತು ಲೆಕ್ಕ ಪರಿಶೋಧಕರ ಸರದಿ ಪಟ್ಟಿ. ಎರಡು, ಶೋಧದ ಅಧಿಕಾರಪತ್ರ ಕೇಳುವುದರಿಂದ ಹಿಡಿದು ಪಂಚನಾಮೆಯ ಪ್ರತಿ ಪಡೆಯುವವರೆಗಿನ ಹಕ್ಕುಗಳ ಒಂದು ಪುಟದ ಕನ್ನಡ ಕೈಪಿಡಿ. ಮೂರು, ಎಲ್ಲ ದಾಖಲೆಗಳ ಕನ್ನಡ ಪ್ರತಿಗಾಗಿ ಆಯುಕ್ತರಿಗೆ ವಿಧಿವತ್ತಾದ ಮನವಿ.

ಇದರೊಡನೆ ನಮ್ಮ ಹೊಣೆಯೂ ಸ್ಪಷ್ಟ. ಖೊಟ್ಟಿ ಬಿಲ್ಲಿನವನು ಸಿಕ್ಕಿಬಿದ್ದಾಗ ಸಂಸ್ಥೆಯು ಅವನ ಅಪರಾಧದ ಪರವಾಗಿ ನಿಲ್ಲಬಾರದು. ಆದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ, ವಕೀಲರನ್ನು ಕಾಣುವ, ಕಾರಣ ತಿಳಿಯುವ ಅವನ ಹಕ್ಕಿನ ಪರವಾಗಿ ನಿಲ್ಲಲೇಬೇಕು. ತಪ್ಪಿತಸ್ಥನಿಗೆ ನಿರಾಕರಿಸಿದ ಹಕ್ಕು ನಾಳೆ ನಿರ್ದೋಷಿಗೂ ಸಿಗುವುದಿಲ್ಲ.